ಬಣ್ಣ ಹೋದದ್ದು ಎಲ್ಲಿಗೆ? ಪಟಿಕ, ಇದ್ದಿಲು, ಫೆಂಟನ್

ಕಿಟಕಿಯ ಕಟ್ಟೆಯ ಮೇಲೆ ಎರಡು ಕ್ಯಾನುಗಳಿದ್ದವು. ಒಂದರಲ್ಲಿ ಪಾಲಿಯೆಸ್ಟರ್‌ಗೆ ಬಣ್ಣ ಹಾಕಿ ಉಳಿದ ಡಿಸ್ಪರ್ಸ್ ಬಣ್ಣದ ನೀರು, ಇನ್ನೊಂದರಲ್ಲಿ ಹತ್ತಿಬಟ್ಟೆಗೆ ಹಾಕಿದ ರಿಯಾಕ್ಟಿವ್ ಬ್ಲ್ಯಾಕ್ 5 ಎಂಬ ಬಣ್ಣದ ನೀರು. ನೋಡಲು ಎರಡೂ ಕಡುನೀಲಿ ಶಾಯಿಯೇ. ಈ ನೀರಿನಿಂದ ಬಣ್ಣ ತೆಗೆಯಲು ಒಂದೇ ಮದ್ದು ಎರಡಕ್ಕೂ ಸಾಕು ಎಂಬ ನನ್ನ ಲೆಕ್ಕ ಮೊದಲ ದಿನವೇ ತಲೆಕೆಳಗಾಯಿತು.

ಪಟಿಕದಿಂದ ಶುರು ಮಾಡಿದೆ. ಪಿಎಚ್ 6.5ಕ್ಕೆ ತಂದು, ಒಂದು ನಿಮಿಷ ಜೋರಾಗಿ, ಆಮೇಲೆ 20 ನಿಮಿಷ ಮೆಲ್ಲಗೆ ಕಲಕಿದೆ. ಡಿಸ್ಪರ್ಸ್ ನೀರಿನಲ್ಲಿ ಹಿಂಜಿದ ಅರಳೆಯಂಥ ಮುದ್ದೆಗಳು ಕಟ್ಟಿ, ಕಲಕುವುದನ್ನು ನಿಲ್ಲಿಸಿದ್ದೇ ತಡ, ತಳಕ್ಕಿಳಿದವು. ಈ ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ನುಣ್ಣನೆಯ ಕಣಗಳಾಗಿ ತೇಲುತ್ತಿರುತ್ತದೆ. ಪಟಿಕ ಅವನ್ನು ಒಟ್ಟುಗೂಡಿಸಿ ಕೆಳಗೆ ಎಳೆಯುತ್ತದೆ. ರಿಯಾಕ್ಟಿವ್ ನೀರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದರ ಅಣುವಿನಲ್ಲಿರುವ ಸಲ್ಫೋನೇಟ್ ಗುಂಪುಗಳು ಅದನ್ನು ನೀರಿಗೆ ಗಟ್ಟಿಯಾಗಿ ಕಟ್ಟಿಹಾಕಿರುತ್ತವೆ. ಪಟಿಕವನ್ನು ಮೂರು ಪಟ್ಟು ಸುರಿದರೂ ಸಿಕ್ಕಿದ್ದು ನೇರಳೆ ನೀರು ಮತ್ತು ತಳದಲ್ಲಿ ರಾಶಿ ಗಷ್ಟು. ಆ ಗಷ್ಟನ್ನು ಹಿಂಡಿ ಒಣಗಿಸಿ ಎಲ್ಲಿಗೆ ಸಾಗಿಸುವುದು ಎಂಬುದು ಬೇರೆಯದೇ ತಲೆನೋವು.

ಸಕ್ರಿಯ ಇದ್ದಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರುವವರು ಮೆಥಿಲೀನ್ ಬ್ಲೂ ಬಳಸಿ ತೋರಿಸುವ ಪ್ರಯೋಗಕ್ಕೆ ಮರುಳಾಗಬೇಡಿ. ಅದು ಚಿಕ್ಕ ಅಣು, ಇದ್ದಿಲಿನ ಸಣ್ಣ ರಂಧ್ರಗಳಿಗೂ ಸಲೀಸಾಗಿ ನುಗ್ಗುತ್ತದೆ. ರಿಯಾಕ್ಟಿವ್ ಬಣ್ಣದ್ದು ದೊಡ್ಡ ದೇಹ, ಬಾಗಿಲಲ್ಲೇ ನಿಲ್ಲುತ್ತದೆ. ನನ್ನ ಪುಡಿ ಇದ್ದಿಲು ಪಟಿಕದ ನಂತರದ ತೆಳು ಬಣ್ಣವನ್ನು ಚೆನ್ನಾಗಿಯೇ ಹೀರಿತು. ಮೂಲ ನೀರಿನಲ್ಲಿ ಮಾತ್ರ ಬೇಗನೆ ಕೈಚೆಲ್ಲಿತು. ಹೀರಿದರೂ ಬಣ್ಣ ನಾಶವಾಗಲಿಲ್ಲ, ಮನೆ ಬದಲಾಯಿಸಿತು, ಅಷ್ಟೇ.

ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಫೆಂಟನ್, ಅಂದರೆ ಕಬ್ಬಿಣ ಮತ್ತು ಪೆರಾಕ್ಸೈಡಿನಿಂದ ಬಣ್ಣದ ಅಣುವನ್ನೇ ಮುರಿಯುವ ವಿಧಾನ. ರಿಯಾಕ್ಟಿವ್ ನೀರನ್ನು ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ ಕರಗಿಸಿ, ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟೆ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದಾಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕ ಅಣುವನ್ನೆಲ್ಲ ಹರಿದುಹಾಕುತ್ತದೆ. ಕಡುನೀಲಿ ನೇರಳೆಯಾಯಿತು, ನೇರಳೆ ಮಾಸಿತು, ಕೊನೆಗೆ ಕಬ್ಬಿಣದ ತಿಳಿಹಳದಿಯೊಂದೇ ಉಳಿಯಿತು. ನಾನು ಗೆದ್ದೆನೆಂದೇ ಬೀಗಿದೆ. ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆ) ಅಳೆದರೆ, ಅದು ಮೂಲ ನೀರಿಗಿಂತಲೂ ಹೆಚ್ಚು!

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಕಾರಣ ಹೊಳೆಯಿತು. ಉಳಿದುಹೋದ ಪೆರಾಕ್ಸೈಡ್ ಕೊಳೆಯನ್ನು ಸುಡಲೆಂದು ಸಿಒಡಿ ಪರೀಕ್ಷೆಯಲ್ಲಿ ಹಾಕುವ ಡೈಕ್ರೋಮೇಟನ್ನು ತಾನೇ ತಿಂದು ಲೆಕ್ಕ ಕೆಡಿಸಿತ್ತು. ಕ್ಷಾರ ಹಾಕಿ ಪಿಎಚ್ ಏರಿಸಿ, ಇಟ್ಟಿಗೆ ಬಣ್ಣದ ಕಬ್ಬಿಣದ ಗಷ್ಟು ಇಳಿಯುವವರೆಗೂ, ಪೆರಾಕ್ಸೈಡ್ ಪಟ್ಟಿ ಬಣ್ಣ ತೋರದಷ್ಟಾಗುವವರೆಗೂ ಕಾದೆ. ಮರುದಿನ ಸಿಒಡಿ ಇಳಿದಿತ್ತು, ಆದರೆ ಬಣ್ಣ ಇಳಿದಷ್ಟು ಅಲ್ಲ. ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ, 598 ನ್ಯಾನೋಮೀಟರ್ ಬಳಿಯ ಬಣ್ಣದ ಗುಡ್ಡ ನೆಲಸಮವಾಗಿದ್ದರೂ ಅತಿನೇರಳೆ ಭಾಗದಲ್ಲಿ ಒಂದು ದಿಬ್ಬ ಹಾಗೆಯೇ ಕುಳಿತಿತ್ತು. ಬಣ್ಣ ಕೊಡುವ ಅಜೋ ಬಂಧ ಮುರಿದಿತ್ತು, ಬೆಂಜೀನ್ ಉಂಗುರದ ಚೂರುಗಳು ಇನ್ನೂ ನೀರಿನಲ್ಲಿದ್ದವು. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಬಣ್ಣ ತೆಗೆದಾಗಲೂ ಇದೇ ಕತೆ. ಅಲ್ಲಿ ಉಳಿಯುವುದು ಅರೋಮ್ಯಾಟಿಕ್ ಅಮೈನುಗಳು, ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತಲೂ ವಿಷಕಾರಿ. ಅದಕ್ಕೇ ಅದರ ಬೆನ್ನಿಗೆ ಗಾಳಿ ಊದುವ ತೊಟ್ಟಿ ಬೇಕು.

ನನ್ನ ಆಯ್ಕೆ ಹೀಗಿದೆ: ಡಿಸ್ಪರ್ಸ್ ನೀರಿಗೆ ಪಟಿಕ, ಮರುಮಾತಿಲ್ಲ. ರಿಯಾಕ್ಟಿವ್ ನೀರಿಗೆ ಫೆಂಟನ್, ಹಿಂದೆಯೇ ಜೈವಿಕ ತೊಟ್ಟಿ. ಇದ್ದಿಲು ಕೊನೆಯ ಹೊಳಪಿಗೆ ಮಾತ್ರ. ಎರಡೂ ನೀರು ಒಂದೇ ಚರಂಡಿಗೆ ಬೀಳುವ ಮುನ್ನ ಬೇರ್ಪಡಿಸಲು ಸಾಧ್ಯವಾದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಉಳಿದದ್ದು ಉಪ್ಪು. ರಿಯಾಕ್ಟಿವ್ ಬಣ್ಣ ಹತ್ತಿಯ ಕಡೆಗೆ ಸರಿಯಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿದಿರುತ್ತಾರೆ. ರಿಯಾಕ್ಟಿವ್ ನೀರಿನ ಮೂರೂ ಬೀಕರ್‌ಗಳಲ್ಲಿ ವಾಹಕತೆಯ ಮೀಟರ್ ಅದ್ದಿ ನೋಡಿದೆ; ಉಪ್ಪು ಹೆಚ್ಚಿದಷ್ಟೂ ಅದರ ಅಂಕಿ ಏರುತ್ತದೆ. ಪಟಿಕಕ್ಕೂ ಇದ್ದಿಲಿಗೂ ಅದು ಕದಲಿರಲಿಲ್ಲ. ಫೆಂಟನ್ ಬೀಕರ್‌ನಲ್ಲಿ, ನಾನೇ ಹಾಕಿದ ಆಮ್ಲ ಮತ್ತು ಕ್ಷಾರದ ದಯೆಯಿಂದ, ಇನ್ನಷ್ಟು ಏರಿತ್ತು.