ತುಮಕೂರಿನ ಒಂದು ಲಾಡ್ಜು: ಕೊಠಡಿಗೆ ನಾಲ್ಕು ಅಂಕ, ಕೌಂಟರಿಗೆ ಒಂದೂವರೆ

ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ತುಮಕೂರಿಗೆ ಹೋದವನು, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಲಾಡ್ಜೊಂದರಲ್ಲಿ ಮೂರು ರಾತ್ರಿ ತಂಗಿದ್ದೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ತಕರಾರು ಇರುವ ಪದ್ಧತಿ ನಾನು ಈವರೆಗೆ ತಂಗಿರುವ ಬಹುತೇಕ ಲಾಡ್ಜುಗಳಲ್ಲಿಯೂ ಇದೆ. ಒಬ್ಬರನ್ನು ಮಾತ್ರ ಎತ್ತಿ ಆಡಿದರೆ ಅನ್ಯಾಯವಾದೀತು.

ದಿನಕ್ಕೆ 950 ರೂಪಾಯಿಯ ಕೊಠಡಿಯ ಬಗ್ಗೆ ದೂರುವಂಥದ್ದೇನೂ ಇಲ್ಲ. ಹಾಸಿಗೆ, ದಿಂಬಿನ ಕವರು ಒಗೆದವು. ಬಚ್ಚಲಿನಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬಿಸಿನೀರು. ಸೊಳ್ಳೆಗೆ ಬತ್ತಿ ಕೇಳಿದರೆ ತಡಮಾಡದೆ ತಂದುಕೊಡುತ್ತಾರೆ. ಎದುರಿನ ಹೋಟೆಲಿನ ತಟ್ಟೆ ಇಡ್ಲಿ ಕ್ಯಾತ್ಸಂದ್ರದ್ದಕ್ಕೆ ಸಮವಲ್ಲ, ಆದರೆ ಹಸಿದವನಿಗೆ ಸಾಕು.

ಕೌಂಟರಿನ ಕಥೆಯೇ ಬೇರೆ. ಅಲ್ಲಿ ಎರಡು ಅಡಿ ಅಗಲದ ವಹಿಯೊಂದಿದೆ. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದಿರಿ, ಇಲ್ಲಿಂದ ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶ, ಮೊಬೈಲ್, ವಾಹನ ಸಂಖ್ಯೆ ಎಂದು ಅಂಕಣಗಳು. ಇಷ್ಟನ್ನು ತುಂಬಲು ನನ್ನ ಅಭ್ಯಂತರವಿಲ್ಲ. ತಂಗುದಾಣದವರಿಂದ ತಂಗಿದವರ ಲೆಕ್ಕ ಕೇಳುವ ಅಧಿಕಾರವನ್ನು ಬ್ರಿಟಿಷರು 1867ರ ಸರಾಯ್ ಕಾಯ್ದೆಯಲ್ಲಿಯೇ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದರು. ವಹಿ ತುಂಬಿದ ಮೇಲೆ ಆಧಾರ್ ಕೇಳಿದರು. ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ, ಆಗುವುದಿಲ್ಲವೆಂದರು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೋರಿಸಿದೆ. ಮ್ಯಾನೇಜರು ಅದನ್ನು ತಿರುಗಿಸಿ ನೋಡಿ, "ಇದ್ರಲ್ಲಿ ನಂಬರೇ ಇಲ್ವಲ್ಲ ಸಾರ್, ಬರೀ ಎಕ್ಸ್ ಹಾಕವ್ರೆ. ಸ್ಟೇಷನ್ನಿಂದ ಬಂದ್ರೆ ನಮಗೆ ಬೈತಾರೆ. ಈಗ ಟೆರರಿಸ್ಟ್ ಕಾಟ ಜಾಸ್ತಿ," ಎಂದರು. ಯಾವ ಕಾನೂನಿನ ಪ್ರಕಾರ ಎಂದು ಕೇಳಿದ್ದಕ್ಕೆ ಗೋಡೆಯ ಕಡೆ ಕೈ ತೋರಿಸಿದರು. "ಆಧಾರ್ ಜೆರಾಕ್ಸ್ ಇಲ್ಲದೆ ರೂಮು ಕೊಡಲಾಗುವುದಿಲ್ಲ" ಎಂಬ ಬೋರ್ಡು. ಅದರ ಕೆಳಗೆ ಲಾಡ್ಜಿನದೇ ಹೆಸರು. ರಾತ್ರಿ ಹತ್ತಾಗಿತ್ತು, ಕೈಯಲ್ಲಿ ಎರಡು ಬ್ಯಾಗು. ಪೂರ್ತಿ ಕಾರ್ಡನ್ನೇ ಕೊಟ್ಟೆ. ಜೆರಾಕ್ಸ್ ಮಾಡಿಕೊಂಡಿದ್ದು ಸಾಲದೆಂದು ತಮ್ಮ ಮೊಬೈಲಿನಲ್ಲೂ ಒಂದು ಫೋಟೊ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಕಾಫಿ ತಂದ ಹುಡುಗ ಬಿಲ್ಲನ್ನು ಚೀಟಿಯೊಂದರಲ್ಲಿ ಬರೆದುಕೊಟ್ಟ: ಕಾಫಿ 20, ನೀರು 20, ಒಟ್ಟು 40. ಚೀಟಿಯ ಹಿಂಬದಿಯಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬರ ಮಸಿಮಸಿ ಮುಖವಿತ್ತು. ಗದಗ ಜಿಲ್ಲೆಯ ಯಾವುದೋ ಹಳ್ಳಿ, ಗಂಡನ ಹೆಸರು, ಕೆಳಗೆ ಹನ್ನೆರಡು ಅಂಕಿಗಳೂ ಸ್ಪಷ್ಟವಾಗಿ. ಅದನ್ನು ಕೆಳಗೆ ತೆಗೆದುಕೊಂಡು ಹೋಗಿ ಕೇಳಿದರೆ, "ಒಂದ್ ಕಡೆ ಖಾಲಿ ಇರೋ ಪೇಪರ್ ಸಾರ್, ವೇಸ್ಟ್ ಮಾಡೋದ್ಯಾಕೆ," ಎಂಬ ಉತ್ತರ ಬಂತು. ಹಳೆಯ ಜೆರಾಕ್ಸುಗಳೆಲ್ಲ ಮೆಟ್ಟಿಲ ಕೆಳಗೆ ಅಕ್ಕಿ ಚೀಲದಲ್ಲಿದ್ದವು. ಚೀಲದ ಬಾಯಿ ಕಟ್ಟಿರಲಿಲ್ಲ.

ಇದನ್ನು ಬರೀ ಬೇಜವಾಬ್ದಾರಿ ಎಂದುಕೊಂಡು ಸುಮ್ಮನಾಗುತ್ತಿದ್ದೆನೇನೋ, ಆದರೆ ಇದೇ ಊರಿಗೆ ನಂಟಿರುವ ಪ್ರಕರಣವೊಂದು ನೆನಪಾಯಿತು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿದಾಗ, ಆರೋಪಿಯ ಬಳಿ ಇದ್ದದ್ದು ತುಮಕೂರಿನಲ್ಲಿ ನೌಕರಿಯಲ್ಲಿದ್ದವರೊಬ್ಬರು ಎಂದೋ ಕಳೆದುಕೊಂಡಿದ್ದ ಆಧಾರ್ ಕಾರ್ಡು. ಆ ಕಾರ್ಡನ್ನೇ ತೋರಿಸಿ ಆತ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದನೆಂದು ಪೊಲೀಸರೇ ಹೇಳಿದರು. ಪೊಲೀಸರು ಮೊದಲು ವಿಚಾರಿಸಿದ್ದು ಏನೂ ಅರಿಯದ ಆ ಕಾರ್ಡಿನ ಯಜಮಾನರನ್ನು. ಬೇರೆಯವರ ಕಾರ್ಡು ಹಿಡಿದು ಬಂದವನಿಗೆ ಈ ಕೌಂಟರು ಏನೂ ತೊಂದರೆ ಕೊಡದು. ಮುಂದಿನವನಿಗೆ ಬೇಕಾದ ಕಾರ್ಡುಗಳಂತೂ ಮೆಟ್ಟಿಲ ಕೆಳಗೆ ಸಿದ್ಧವಾಗಿವೆ.

ಕ್ಯಾಮೆರಾಗಳ ವಿಷಯದಲ್ಲಿ ನನಗೆ ಇಷ್ಟು ಕಹಿ ಇಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಶಂಕಿತನ ಜಾಡು ಹಿಡಿಯಲು ಒದಗಿದ್ದು ಕ್ಯಾಮೆರಾದ ದೃಶ್ಯಗಳೇ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯು ಜನ ಹೆಚ್ಚಾಗಿ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು, ದೃಶ್ಯವನ್ನು 30 ದಿನ ಉಳಿಸಬೇಕೆಂದು ಹೇಳುತ್ತದೆ. ಅಂದರೆ ಒಂದು ಲೆಕ್ಕವಾದರೂ ಇದೆ. ಈ ಲಾಡ್ಜಿನ ತಪ್ಪು ಬೇರೆ: ಕ್ಯಾಮೆರಾದ ಟಿ.ವಿ.ಯನ್ನು ಗಿರಾಕಿಗಳ ಸೋಫಾದ ಎದುರಿಗೇ ಇಟ್ಟಿದ್ದಾರೆ. ಎರಡನೇ ಮಹಡಿಯಲ್ಲಿ ಯಾರು ಯಾವ ಬಾಗಿಲು ತೆರೆದರು ಎಂಬುದನ್ನು ಪೇಪರ್ ಓದುತ್ತ ಕೂತವರೆಲ್ಲ ನೋಡಬಹುದು. ನಾನೂ ನೋಡಿದೆ, ನಾಚಿಕೆಯಾಯಿತು.

ಫೋನ್ ಕದ್ದಾಲಿಸಬೇಕಾದರೆ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅದರ ಅವಧಿ 60 ದಿನ, ಎಷ್ಟು ಬಾರಿ ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ. ಟೆಲಿಫೋನ್ ಕದ್ದಾಲಿಕೆ ಕುರಿತ 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕಟ್ಟುಪಾಡುಗಳಿಂದ ಬೆಳೆದ ನಿಯಮವಿದು. ಆ ವ್ಯವಸ್ಥೆಯೂ ಗುಟ್ಟಾಗಿಯೇ ನಡೆಯುವುದರಿಂದ ಕದ್ದಾಲಿಸಲ್ಪಟ್ಟವನಿಗೆ ತಿಳಿಯುವ ದಾರಿಯಿಲ್ಲ, ನಿಜ. ಆದರೂ ಅಲ್ಲಿ ಆದೇಶಕ್ಕೊಂದು ಸಹಿ ಇದೆ, ಕೊನೆಗೊಂದು ದಿನಾಂಕ ಇದೆ. ಅಕ್ಕಿ ಚೀಲಕ್ಕೆ ಎರಡೂ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಅದಕ್ಕೆ ಕೈಹಾಕುವ ಸರ್ಕಾರಕ್ಕೆ ಕಾನೂನಿನ ಆಸರೆ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು ಎಂಬುದು ಅಲ್ಲಿನ ಅಳತೆ. ಈ ಕೌಂಟರಿನಲ್ಲಿ ಉದ್ದೇಶವೊಂದೇ ತೇರ್ಗಡೆಯಾಗುತ್ತದೆ. ಮೌಲ್ಯಮಾಪನಕ್ಕೆ ಬಂದವನಾದ್ದರಿಂದ ಅಂಕದ ಭಾಷೆಯೇ ಬಾಯಿಗೆ ಬರುತ್ತದೆ, ಕ್ಷಮಿಸಿ.

ಮ್ಯಾನೇಜರನ್ನೊಬ್ಬರನ್ನೇ ದೂಷಿಸಲಾರೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಕಾರ್ಡಿನ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ಅದನ್ನು ಪಡೆದಿಟ್ಟುಕೊಳ್ಳುವಂತಿಲ್ಲ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದಾರೆಂಬ ಕಾರಣ ಕೊಟ್ಟು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಮೇಲಿನವರೇ ಹೀಗೆ ಹಿಂದೆ ಮುಂದೆ ನೋಡುವಾಗ, ರಾತ್ರಿ ಪಾಳಿಯ ಮ್ಯಾನೇಜರು ಪೊಲೀಸರ ಬೈಗುಳಕ್ಕೆ ಅಂಜಿ ಎರಡು ಪ್ರತಿ ಹೆಚ್ಚಿಗೆಯೇ ಇಟ್ಟುಕೊಳ್ಳುತ್ತಾರೆ.

ಹೊರಡುವ ದಿನ ನನ್ನ ಜೆರಾಕ್ಸನ್ನು ವಾಪಸ್ ಕೇಳಿದೆ. ಕೊಡಲಿಲ್ಲ. ಒಂದಿಷ್ಟು ಮಾತಾದ ಮೇಲೆ, ಅದರ ಮುಖದ ಮೇಲೆ ಅಡ್ಡಡ್ಡವಾಗಿ "ಈ ಲಾಡ್ಜಿನಲ್ಲಿ ತಂಗಲು ಮಾತ್ರ" ಎಂದು ಬರೆದು ದಿನಾಂಕ ಹಾಕಲು ಬಿಟ್ಟರು. ಮೊಬೈಲಿನ ಫೋಟೊವನ್ನು ನನ್ನೆದುರಿಗೇ ಅಳಿಸಿದರು. ಗದಗದ ತಾಯಿಯ ಚೀಟಿಯನ್ನು ಹರಿದು ಬಚ್ಚಲಿಗೆ ಹಾಕಿ ಬಂದೆ.

ತಂಗುವವರು ಹಿಂಬದಿಯ ಕೊಠಡಿ ಕೇಳಿ ಪಡೆಯಿರಿ, ರಸ್ತೆಯ ಕಡೆ ಬೆಳಗಿನ ಜಾವ ನಾಲ್ಕಕ್ಕೇ ಬಸ್ಸಿನ ಹಾರನ್ ಶುರುವಾಗುತ್ತದೆ. ಬರೆದು ಸಹಿ ಮಾಡಿದ ಜೆರಾಕ್ಸನ್ನು ಮನೆಯಿಂದಲೇ ತನ್ನಿ. ಕಾಫಿಯನ್ನು ಎದುರಿನ ಹೋಟೆಲಿನಲ್ಲಿ ಕುಡಿಯಿರಿ, ಅಲ್ಲಿ 15 ರೂಪಾಯಿ, ಬಿಲ್ಲೂ ಅಚ್ಚಾದದ್ದು.