ಸೆಗ್ಮೆಂಟ್ ಮತ್ತು ಆಂಪ್ಲಿಟ್ಯೂಡ್ ಜೋಡಣೆ: ಸೀರೆ, ಕರದಂಟು ಮಾರುವ ಆನ್‌ಲೈನ್ ಅಂಗಡಿಗೆ ಎಷ್ಟು ಉಪಯೋಗ?

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ಬೆಳಗಾವಿ ಕುಂದಾ ಇವನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುವವರಿಗೆ ಆರ್ಡರ್ ಎಷ್ಟು ಬಂತು ಎಂಬುದು ಗೊತ್ತಿರುತ್ತದೆ. ಕಾರ್ಟ್‌ಗೆ ಹಾಕಿಯೂ ಕೊಳ್ಳದೆ ಹೋದವರು ಯಾವ ಹಂತದಲ್ಲಿ ಹೋದರು ಎಂಬುದು ಗೊತ್ತಿರುವುದಿಲ್ಲ. ಅದನ್ನು ತೋರಿಸುವುದು ಆಂಪ್ಲಿಟ್ಯೂಡ್ ಎಂಬ ವಿಶ್ಲೇಷಣಾ ಟೂಲ್. ಅದಕ್ಕೆ ಬೇಕಾದ ಮಾಹಿತಿಯನ್ನು ಸೈಟ್, ಆ್ಯಪ್, ಸರ್ವರ್ ಎಲ್ಲ ಕಡೆಯಿಂದ ಒಟ್ಟುಮಾಡಿ ಕಳಿಸುವುದು ಸೆಗ್ಮೆಂಟ್ ಎಂಬ ಇನ್ನೊಂದು ಟೂಲ್. 2020ರಲ್ಲಿ ಟ್ವಿಲಿಯೊ ಕಂಪನಿ ಸೆಗ್ಮೆಂಟನ್ನು ಕೊಂಡಿತು. ಎರಡನ್ನೂ ಜೋಡಿಸುವುದು ಅರ್ಧ ತಾಸಿನ ಕೆಲಸ. ಆದರೆ ಬಂದ ಅಂಕಿಗಳನ್ನು ನಂಬಬೇಕಾದರೆ ಗ್ರಾಹಕರ ಗುರುತು, ಹಣ, ಊರು ಈ ಮೂರನ್ನು ಕೂತು ಸರಿಮಾಡಲೇಬೇಕು.

ಜೋಡಣೆಯ ಹಂತಗಳು ನೇರವಾಗಿವೆ. ಸೆಗ್ಮೆಂಟ್‌ನಲ್ಲಿ ಹೊಸ ಸೋರ್ಸ್ (ಮಾಹಿತಿ ಬರುವ ಮೂಲ) ಮಾಡಿ, ರೈಟ್ ಕೀ (ಆ ಸೋರ್ಸಿನ ಗುರುತಿನ ಕೋಡ್) ಇರುವ ಜಾವಾಸ್ಕ್ರಿಪ್ಟ್ ತುಣುಕನ್ನು ಸೈಟಿನ ಹೆಡ್ ಭಾಗದಲ್ಲಿ ಹಾಕಬೇಕು. ಮಾಹಿತಿ ಹೋಗಬೇಕಾದ ಟೂಲ್‌ಗಳ, ಅಂದರೆ ಡೆಸ್ಟಿನೇಶನ್‌ಗಳ ಪಟ್ಟಿಯಲ್ಲಿ 'ಆಂಪ್ಲಿಟ್ಯೂಡ್ ಆ್ಯಕ್ಷನ್ಸ್' ಆರಿಸಿ, ಆಂಪ್ಲಿಟ್ಯೂಡ್ ಪ್ರಾಜೆಕ್ಟಿನ ಎಪಿಐ ಕೀ ಮತ್ತು ಸೀಕ್ರೆಟ್ ಕೀ ಕೊಡಬೇಕು. ಪ್ರಾಜೆಕ್ಟ್ ಅಮೆರಿಕದ ಸರ್ವರಿನಲ್ಲಿದೆಯೋ ಯುರೋಪಿನದರಲ್ಲೋ ನೋಡಿ, ಇಲ್ಲಿಯೂ ಅದನ್ನೇ ಆರಿಸಿ. ತಪ್ಪಿದರೆ ಕೀ ಸರಿಯಿದ್ದರೂ ಒಂದು ಈವೆಂಟೂ (ಪುಟ ನೋಡಿದ್ದು, ಕೊಂಡದ್ದು ಮುಂತಾದ ಗ್ರಾಹಕರ ಕ್ರಿಯೆಯ ದಾಖಲೆ) ಸೇರುವುದಿಲ್ಲ. ಸೆಗ್ಮೆಂಟಿನ ಯಾವ ಮಾಹಿತಿ ಆಂಪ್ಲಿಟ್ಯೂಡಿಗೆ ಏನಾಗಿ ಹೋಗಬೇಕು ಎಂದು ಹೇಳುವ ಮ್ಯಾಪಿಂಗ್ ಪಟ್ಟಿಯಲ್ಲಿ ಸೆಷನ್ (ಒಂದು ಸಲದ ಭೇಟಿ) ಪ್ಲಗಿನ್ ಆನ್ ಆಗಿರಲಿ. ಅದು ಇಲ್ಲದಿದ್ದರೆ ಸೆಷನ್ ಐಡಿ -1 ಎಂದು ಹೋಗುತ್ತದೆ, ಸೆಷನ್ ಚಾರ್ಟುಗಳು ಖಾಲಿ ಉಳಿಯುತ್ತವೆ. ಆಂಪ್ಲಿಟ್ಯೂಡ್ ಪ್ರಾಜೆಕ್ಟಿನ ಟೈಮ್ ಝೋನನ್ನು ಕೋಲ್ಕತಾಕ್ಕೆ, ಅಂದರೆ ಭಾರತದ ಸಮಯಕ್ಕೆ ಬದಲಿಸಿ. ಯುಟಿಸಿಯಲ್ಲೇ (ಅಂತರರಾಷ್ಟ್ರೀಯ ಸಮಯ) ಬಿಟ್ಟರೆ ರಾತ್ರಿ 12ರಿಂದ ಬೆಳಗಿನ 5:30ರವರೆಗಿನ ಆರ್ಡರುಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತವೆ.

ಮೊದಲು ಗುರುತು. ಲಾಗಿನ್ ಆಗದವರಿಗೆ ಸೆಗ್ಮೆಂಟ್ ಒಂದು ಅನಾನಿಮಸ್ ಐಡಿ ಕೊಡುತ್ತದೆ, ಆಂಪ್ಲಿಟ್ಯೂಡ್‌ಗೆ ಅದು ಡಿವೈಸ್ ಐಡಿಯಾಗಿ ಹೋಗುತ್ತದೆ. ಲಾಗಿನ್ ಆದ ಕೂಡಲೇ ಅಥವಾ ಚೆಕ್‌ಔಟ್‌ನಲ್ಲಿ 'ಐಡೆಂಟಿಫೈ' ಕಾಲ್ ಹೋದರೆ ಮೊದಲು ನೋಡಿದ ಪುಟಗಳೂ ಆಮೇಲೆ ಮಾಡಿದ ಖರೀದಿಯೂ ಒಬ್ಬರದೇ ಎಂದು ಕೂಡಿಕೊಳ್ಳುತ್ತವೆ. ಯೂಸರ್ ಐಡಿಯಾಗಿ ಮೊಬೈಲ್ ನಂಬರ್ ಕೊಡುವ ಆಸೆ ಬೇಡ. ಒಂದೇ ನಂಬರನ್ನು ಬರೀ 10 ಅಂಕಿಯಾಗಿ, ಮುಂದೆ +91 ಹಚ್ಚಿ, ಮುಂದೆ ಸೊನ್ನೆ ಹಚ್ಚಿ ಬರೆದರೆ ಆಂಪ್ಲಿಟ್ಯೂಡ್ ಲೆಕ್ಕದಲ್ಲಿ ಮೂವರು ಗ್ರಾಹಕರು. ಜೊತೆಗೆ ಅದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಬರುವ ಮಾಹಿತಿ. ಜೋಡಿಸಿದ ಪ್ರತಿ ಟೂಲ್‌ಗೂ ಅದು ಹರಿದು ಹೋಗುವುದು ಸರಿಯಲ್ಲ. ಡೇಟಾಬೇಸಿನಲ್ಲಿರುವ ಗ್ರಾಹಕ ಸಂಖ್ಯೆಯೇ ಯೂಸರ್ ಐಡಿಯಾಗಲಿ. ಇಲ್ಲೊಂದು ತೊಡಕಿದೆ: 5 ಅಕ್ಷರಕ್ಕಿಂತ ಚಿಕ್ಕ ಐಡಿಯನ್ನು ಆಂಪ್ಲಿಟ್ಯೂಡ್ ತೆಗೆದುಕೊಳ್ಳುವುದಿಲ್ಲ. 412 ಎಂಬ ಸಂಖ್ಯೆಯ ಗ್ರಾಹಕರ ಈವೆಂಟುಗಳು ಸೆಗ್ಮೆಂಟಿನ ಡೀಬಗರ್‌ನಲ್ಲಿ ಚೆನ್ನಾಗಿಯೇ ಕಾಣುತ್ತವೆ, ಆಚೆ ಮಾತ್ರ ಸೇರುವುದಿಲ್ಲ. ಹೊಸ ಅಂಗಡಿಗಳ ಗ್ರಾಹಕ ಸಂಖ್ಯೆಗಳೆಲ್ಲ ಚಿಕ್ಕವೇ ಆದ್ದರಿಂದ ಪೆಟ್ಟು ಬೀಳುವುದು ಅವರಿಗೇ. 00412 ಎಂದು ಸೊನ್ನೆ ಸೇರಿಸಿ, ಇಲ್ಲವೇ ಮ್ಯಾಪಿಂಗ್‌ನಲ್ಲಿ ಕನಿಷ್ಠ ಉದ್ದವನ್ನು ಕಡಿಮೆ ಮಾಡಿ. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವುದು ನಮ್ಮ ಕಡೆ ಸಾಮಾನ್ಯ; ಲಾಗ್‌ಔಟ್ ಆದಾಗ 'ರಿಸೆಟ್' ಕರೆಯದಿದ್ದರೆ ಅತ್ತೆಯ ಖಾತೆಗೆ ಸೊಸೆ ನೋಡಿದ ಸೀರೆಗಳು ಸೇರುತ್ತವೆ.

ಹಣದ ವಿಷಯ ಇನ್ನೂ ಸೂಕ್ಷ್ಮ. ಆದಾಯದ ಲೆಕ್ಕಕ್ಕೆಂದೇ ಇರುವ ಮ್ಯಾಪಿಂಗ್ 'ಆರ್ಡರ್ ಕಂಪ್ಲೀಟೆಡ್' (Order Completed) ಎಂಬ ಹೆಸರಿನ ಈವೆಂಟನ್ನು ಮಾತ್ರ ಹಿಡಿಯುತ್ತದೆ. ಡೆವಲಪರ್ 'ಆರ್ಡರ್ ಪ್ಲೇಸ್ಡ್' ಎಂದು ಹೆಸರಿಟ್ಟರೆ ಈವೆಂಟ್ ಬರುತ್ತದೆ, ರೆವೆನ್ಯೂ ಸೊನ್ನೆ ತೋರಿಸುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಹಾಗೆಹಾಗೇ ಇರಬೇಕು. ರೇಜರ್‌ಪೇಯಿಂದ ಬರುವ ಪಾವತಿಯ ಮೊತ್ತ ಪೈಸೆಯಲ್ಲಿರುತ್ತದೆ. 100ರಿಂದ ಭಾಗಿಸದೆ ಕಳಿಸಿದರೆ ₹850ರ ಕರದಂಟು ₹85,000 ಆಗಿ ಕೂರುತ್ತದೆ. ಇದೇ ಈವೆಂಟನ್ನು 'ಧನ್ಯವಾದ' ಪುಟದಿಂದಲೂ ಸರ್ವರಿನಿಂದಲೂ ಕಳಿಸಿದರೆ ಆದಾಯ ದುಪ್ಪಟ್ಟಾಗುತ್ತದೆ, ಗ್ರಾಹಕರು ಆ ಪುಟ ರಿಫ್ರೆಶ್ ಮಾಡಿದರೂ ಅಷ್ಟೇ. ಸರ್ವರಿನಿಂದ ಮಾತ್ರ ಕಳಿಸಿ, ಆರ್ಡರ್ ಸಂಖ್ಯೆಯನ್ನೇ ಮೆಸೇಜ್ ಐಡಿಯಾಗಿ ಕೊಡಿ. ಎರಡನೇ ಸಲ ಬಂದದ್ದನ್ನು ಸೆಗ್ಮೆಂಟ್ ತಾನೇ ಬಿಡುತ್ತದೆ. ವಾಟ್ಸಾಪ್‌ನಲ್ಲಿ, ಫೋನಿನಲ್ಲಿ ಬಂದ ಆರ್ಡರುಗಳನ್ನೂ ಇದೇ ದಾರಿಯಲ್ಲಿ ಕಳಿಸಬಹುದು. ಕ್ಯಾಶ್ ಆನ್ ಡೆಲಿವರಿ ಆದರೆ ಅದನ್ನೊಂದು ಪ್ರಾಪರ್ಟಿಯಾಗಿ (ಈವೆಂಟಿನ ಜೊತೆ ಹೋಗುವ ವಿವರ) ಹಾಕಿರಿ. ವಾಪಸ್ ಬಂದ ಪಾರ್ಸಲ್‌ಗಳ ಲೆಕ್ಕ ಹಿಡಿಯಲು ಅದು ಬೇಕೇ ಬೇಕು.

ಊರಿನ ಲೆಕ್ಕದಲ್ಲಿ ಈ ಜೋಡಣೆ ನಿಜಕ್ಕೂ ನಿರಾಸೆ ತರುತ್ತದೆ. ಆಂಪ್ಲಿಟ್ಯೂಡ್ ಊರನ್ನು ಐಪಿ ವಿಳಾಸದಿಂದ ಊಹಿಸುತ್ತದೆ. ಮೊಬೈಲ್ ಡೇಟಾದಲ್ಲಿ ಮುಧೋಳದ ಗ್ರಾಹಕರು ಬೆಂಗಳೂರಿನವರಾಗಿ ಕಾಣಬಹುದು. ವಿಳಾಸದ ಫಾರ್ಮಿನಿಂದ ತೆಗೆದುಕೊಂಡರೂ ಗೊಂದಲ ತಪ್ಪದು: 2014ರ ನವೆಂಬರ್ 1ರಂದು ಹೆಸರು ಬದಲಾದರೂ ಬಿಜಾಪುರ, ಬೆಳಗಾಂ ಎಂದೇ ಬರೆಯುವವರು ಇನ್ನೂ ಬಹಳ. ದೇವನಹಳ್ಳಿ ತಾಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಡೆಲಿವರಿ ಪಿನ್‌ಕೋಡನ್ನು ಯೂಸರ್ ಪ್ರಾಪರ್ಟಿಯಾಗಿ ಕಳಿಸಿದರೆ ವಿಜಯಪುರ 586101, ಬೆಳಗಾವಿ 590001, ಬಾಗಲಕೋಟೆ 587101 ಎಂದು ಗೊಂದಲವಿಲ್ಲದೆ ಬೇರೆಯಾಗುತ್ತವೆ. ಸರಕಿಗೂ ಇದೇ ಮಾತು: ಇಳಕಲ್, ಇಲಕಲ್, ಇಳಕಲ್ಲ ಎಂಬ ಹೆಸರುಗಳ ಬದಲು ಪ್ರತಿ ಸರಕಿಗೂ ಅಂಗಡಿ ಕೊಟ್ಟ ಎಸ್‌ಕೆಯು ಸಂಖ್ಯೆ ಕಳಿಸಿ.

ಖರ್ಚು ಲೆಕ್ಕ ಹಾಕುವಾಗ ಸೆಗ್ಮೆಂಟಿನ ಉಚಿತ ಪ್ಲಾನಿನ ಮಿತಿ ನೋಡಿಕೊಳ್ಳಿ: ತಿಂಗಳಿಗೆ 1,000 ಸಂದರ್ಶಕರು, 2 ಸೋರ್ಸ್. ಲಾಗಿನ್ ಆಗದೆ ನೋಡಿಹೋದವರೂ ಇದರಲ್ಲಿ ಸೇರುತ್ತಾರೆ. ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರಿನಲ್ಲಿ ಬಂದು, ಆಮೇಲೆ ಕ್ರೋಮ್‌ನಲ್ಲಿ ಬಂದ ಒಬ್ಬರೇ ಇಬ್ಬರಾಗುತ್ತಾರೆ. ಒಂದು ಹಬ್ಬದ ಜಾಹೀರಾತಿಗೇ ಆ ಮಿತಿ ದಾಟಬಹುದು. ಒಂದೇ ಸೈಟು, ಆಂಪ್ಲಿಟ್ಯೂಡ್ ಒಂದೇ ಟೂಲು ಎನ್ನುವವರು ಅದರದೇ ಎಸ್‌ಡಿಕೆ (ಸೈಟಿಗೆ ಸೇರಿಸುವ ಕೋಡ್) ನೇರವಾಗಿ ಹಾಕಿಕೊಳ್ಳಲಿ, ನಡುವೆ ಸೆಗ್ಮೆಂಟ್ ಬೇಡ. ಇಮೇಲ್ ಟೂಲ್, ಜಾಹೀರಾತು, ಡೇಟಾ ವೇರ್‌ಹೌಸ್ ಎಂದು ಮೂರು ನಾಲ್ಕು ಕಡೆಗೆ ಅದೇ ಮಾಹಿತಿ ಹೋಗಬೇಕಿದ್ದರೆ ಮಾತ್ರ ಈ ಖರ್ಚಿಗೆ ಬೆಲೆ ಬರುತ್ತದೆ. ಆಗ ಇದಕ್ಕಿಂತ ಅನುಕೂಲದ ಏರ್ಪಾಡು ಸಿಗುವುದು ಕಷ್ಟ.

ತಪಾಸಣೆಗೆ ಡೀಬಗರ್ ಒಂದನ್ನೇ ನೋಡಬೇಡಿ. ಅದು ಸೆಗ್ಮೆಂಟ್‌ಗೆ ಬಂದದ್ದನ್ನು ಮಾತ್ರ ತೋರಿಸುತ್ತದೆ. ಆಂಪ್ಲಿಟ್ಯೂಡ್ ತಿರಸ್ಕರಿಸಿದ್ದು ಡೆಸ್ಟಿನೇಶನ್ನಿನ 'ಈವೆಂಟ್ ಡೆಲಿವರಿ' ಪುಟದಲ್ಲಿ ಕಾರಣದ ಸಮೇತ ಇರುತ್ತದೆ. ಮೊದಲ ವಾರ ಆರ್ಡರುಗಳ ಸಂಖ್ಯೆಯನ್ನು ಅಂಗಡಿಯ ಖಾತೆ ಪುಸ್ತಕದೊಂದಿಗೆ ದಿನಾ ತಾಳೆ ನೋಡಿ. ಹೊಸದಾಗಿ ಜೋಡಿಸಿದ ಟೂಲ್‌ಗೆ ಹಳೆಯ ಈವೆಂಟುಗಳನ್ನು ಮತ್ತೆ ಕಳಿಸುವ ರಿಪ್ಲೇ ಸೌಲಭ್ಯ ಸೆಗ್ಮೆಂಟಿನ ಬಿಸಿನೆಸ್ ಪ್ಲಾನಿನವರಿಗೆ ಮಾತ್ರ. ದೀಪಾವಳಿ ವ್ಯಾಪಾರದ ಅಂಕಿ ಬೇಕಿದ್ದವರು ದಸರೆಗೆ ಮೊದಲೇ ಜೋಡಿಸಿ, ತಾಳೆ ನೋಡಿ ಮುಗಿಸಿರಬೇಕು.