ಬಿದ್ದವರನ್ನು ಮತ್ತೆ ಬೈಕ್ ಹತ್ತಿಸುವ ಸರ್: ಬನಶಂಕರಿ 6ನೇ ಹಂತದ ಕ್ಲಾಸ್ ಹೇಗಿದೆ?

ಬೈಕ್‌ನಿಂದ ಬಿದ್ದು, ಮೂಳೆ ಕೂಡಿಕೊಂಡು, ಡಾಕ್ಟರ್ "ಇನ್ನು ಓಡಿಸಬಹುದು" ಅಂದ ಮೇಲೂ ಕೀ ಕೈಗೆ ತಗೊಳ್ಳಲು ಆಗದೇ ಇರುವವರು ನಮ್ಮ ಬೆಂಗಳೂರಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬನಶಂಕರಿ 6ನೇ ಹಂತದಲ್ಲಿ, ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ, ಒಬ್ಬರು ಸರ್ ಶನಿವಾರ ಭಾನುವಾರ ಬೆಳಿಗ್ಗೆ ಕ್ಲಾಸ್ ಮಾಡುತ್ತಾರೆ. ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಓಡಿಸಲು ಬರುತ್ತೆ, ಆದರೆ ಬಿದ್ದ ಮೇಲೆ ಕೈಕಾಲು ಆಡ್ತಿಲ್ಲ ಅನ್ನುವವರಿಗೆ ಮಾತ್ರ. ಬೋರ್ಡ್ ಇಲ್ಲ, ಆಫೀಸ್ ಇಲ್ಲ, ಮೊದಲು ಗ್ಯಾರೇಜ್ ಇಟ್ಟುಕೊಂಡಿದ್ದವರು. ಹೆಸರು, ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಮ್ಮಾ ಅಂದಿದ್ದಾರೆ. ಬೇಕಾದವರು ನನ್ನನ್ನು ಕೇಳಿ, ಕೊಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಯಾಕೆ ಅಂತ ವಿವರವಾಗಿ ಹೇಳಬೇಕು, ಕೊರತೆಗಳೂ ಇವೆ.

ನನಗೆ ಆದದ್ದು ಇಷ್ಟು. ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಮನೆ ಕಟ್ಟುತ್ತಿದ್ದವರು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಅರ್ಧ ರಸ್ತೆಗೆ ಸುರಿದಿದ್ದರು. ರಾತ್ರಿ ಮಳೆ ಬಂದು ಅದು ತಿರುವಿನ ತನಕ ಹರಡಿಕೊಂಡಿತ್ತು. ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಜಾರಿತು. ಸ್ಪೀಡೂ ಇರಲಿಲ್ಲ. ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿದರು. ಭುಜ ಸರಿಹೋದ ಮೇಲೂ ಗಾಡಿ ಪಾರ್ಕಿಂಗ್‌ನಲ್ಲೇ ಧೂಳು ತಿನ್ನುತ್ತಾ ನಿಂತಿತ್ತು. ಅಮ್ಮ "ಆ ಗಾಡಿ ಸಹವಾಸವೇ ಬೇಡ, ಮೆಟ್ರೋ ಇದೆಯಲ್ಲಾ" ಅಂತಿದ್ದರು. ಅತ್ತೆ "ಹೆಣ್ಣುಮಗಳಿಗೆ ಬೈಕ್ ಯಾಕೆ, ಸ್ಕೂಟಿ ತಗೋ" ಅಂದರು. ಚಿಕ್ಕಪ್ಪ ಮಾತ್ರ "ಏನಾಗಲ್ಲ, ಧೈರ್ಯ ಮಾಡಿ ಹತ್ತು" ಅಂತ ಬೆನ್ನು ತಟ್ಟಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಧೈರ್ಯ ಮಾಡು ಅಂದರೆ ಕೈಯಲ್ಲಿ ಏನು ಮಾಡಬೇಕು, ಕಣ್ಣು ಎಲ್ಲಿಡಬೇಕು ಅಂತ ಯಾರೂ ಹೇಳುವುದಿಲ್ಲ. ಸರ್ ಹೇಳಿಕೊಟ್ಟಿದ್ದು ಅದನ್ನೇ.

ಮೊದಲ ದಿನ ಗಾಡಿ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಡಾಕ್ಟರ್ ಏನಂದಿದ್ದಾರೆ, ಕೈ ತಲೆ ಮೇಲೆ ಪೂರ್ತಿ ಎತ್ತಲು ಬರುತ್ತಾ, ಕ್ಲಚ್ ಹಿಡಿದು ಸ್ವಲ್ಪ ಹೊತ್ತು ಇಟ್ಟುಕೊಂಡರೆ ನೋವು ಬರುತ್ತಾ, ಎಲ್ಲ ಕೇಳಿದರು. ಆಮೇಲೆ ಹೆಲ್ಮೆಟ್ ಈಸಿಕೊಂಡು ಒಳಗಿನ ಬಟ್ಟೆ ಪಕ್ಕಕ್ಕೆ ಸರಿಸಿ ಥರ್ಮಾಕೋಲ್ ತರಹದ ಪದರ ತೋರಿಸಿದರು. ಎಡಗಡೆ ಒಂದು ಕಡೆ ಅದು ಚಪ್ಪಟೆಯಾಗಿತ್ತು. ಹೊರಗೆ ಬರೀ ಗೀರು ಬಿದ್ದಿತ್ತು, ನಾನು ಅದನ್ನೇ ಹಾಕಿಕೊಂಡು ಹೋಗಿದ್ದೆ. ಪೆಟ್ಟು ಬಿದ್ದಾಗ ಆ ಪದರ ಕುಗ್ಗಿ ತಲೆಗೆ ಹೋಗುವ ಏಟನ್ನು ತಡೆಯುತ್ತೆ, ಒಂದು ಸಲ ಕುಗ್ಗಿದ ಜಾಗ ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಸಲ ಅಲ್ಲೇ ಏಟು ಬಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಹೊಸದು ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ದುಡ್ಡೂ ತಗೊಳ್ಳಲಿಲ್ಲ. ಜೆ.ಸಿ. ರೋಡ್‌ಗೆ ಹೋಗಿ ಐಎಸ್‌ಐ ಗುರುತಿರುವ, ಒಳಗೆ ಐಎಸ್ 4151 (ಹೆಲ್ಮೆಟ್‌ಗಿರುವ ಭಾರತದ ಮಾನದಂಡದ ಸಂಖ್ಯೆ) ಅಂತ ಇರುವ ಫುಲ್ ಫೇಸ್ ಹೆಲ್ಮೆಟ್ ತಗೊಂಡೆ. (2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ. ಫುಟ್‌ಪಾತ್ ಮೇಲೆ ಈಗಲೂ ಸಿಗುತ್ತೆ, ದಯವಿಟ್ಟು ತಗೋಬೇಡಿ.)

ಮುಂದಿನ ಸಲ ಗಾಡಿಯ ಸರದಿ. ಬಂಕ್‌ನಲ್ಲಿ ಕೇಳದೇ ಗಾಳಿ ಜಾಸ್ತಿ ಹೊಡೆದಿದ್ದರು, ಚೈನ್ ಕವರ್ ಮೇಲಿನ ಸ್ಟಿಕ್ಕರ್ ನೋಡಿ ಸರಿಗೆ ಇಳಿಸಿದರು. ನನ್ನ ಬೆರಳು ಚಿಕ್ಕವು, ಬ್ರೇಕ್ ಲಿವರ್ ಹಿಡಿಯಲು ಪ್ರತಿ ಸಲ ಮಣಿಕಟ್ಟು ಎತ್ತಬೇಕಾಗುತ್ತಿತ್ತು. ಅವರು ಸ್ಪ್ಯಾನರ್ ತಗೊಂಡು ಲಿವರ್ ಸ್ವಲ್ಪ ಕೆಳಕ್ಕೆ ತಿರುಗಿಸಿದರು, ಮುಂಗೈ ಮತ್ತು ಬೆರಳು ಒಂದೇ ನೇರಕ್ಕೆ ಬರುವಷ್ಟು. ಕ್ಲಚ್ ಕೇಬಲ್ಲೂ ಸರಿಮಾಡಿದರು. ಇಷ್ಟು ವರ್ಷ ಸರ್ವಿಸ್‌ಗೆ ಬಿಟ್ಟಿದ್ದೇನೆ, ಒಬ್ಬರೂ ನನ್ನ ಕೈ ಅಳತೆ ನೋಡಿರಲಿಲ್ಲ.

ಆಮೇಲೆ ಶುರುವಾದದ್ದು ಬ್ರೇಕ್. ಬರೀ ಬ್ರೇಕ್. ಓಡಿಸುವುದು ನಿಮಗೆ ಮರೆತಿಲ್ಲ, ನಿಲ್ಲಿಸಬಲ್ಲೆ ಅನ್ನೋ ನಂಬಿಕೆ ಹೋಗಿದೆ, ಅದು ಬಂದರೆ ಮಿಕ್ಕಿದ್ದು ತಾನಾಗಿ ಬರುತ್ತೆ ಅನ್ನುವುದು ಅವರ ಲೆಕ್ಕ. ಬಿದ್ದವರು ಹೆಚ್ಚಾಗಿ ಮುಂದಿನ ಬ್ರೇಕ್ ಮುಟ್ಟುವುದನ್ನೇ ಬಿಟ್ಟುಬಿಡುತ್ತಾರಂತೆ, ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ, ಹಾಗಾಗಿ ನಿಜವಾಗಿ ನಿಲ್ಲಿಸುವ ಶಕ್ತಿ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲೇ ಇರುತ್ತೆ. ಹಿಂದಿನದನ್ನು ಮಾತ್ರ ತುಳಿದರೆ ಗಾಡಿ ನಿಲ್ಲಲು ತುಂಬಾ ದೂರ ಬೇಕು, ಜೋರಾಗಿ ತುಳಿದರೆ ಬಾಲ ಅಲ್ಲಾಡಿಸುತ್ತೆ. ಹಾಗಂತ ಮುಂದಿನದನ್ನು ಗಬಕ್ಕನೆ ಹಿಡಿಯಬಾರದು. ಅವರು ತಮ್ಮ ಎರಡು ಬೆರಳು ನನ್ನ ಕೈಗೆ ಕೊಟ್ಟು, ಇದೇ ಲಿವರ್ ಅಂದುಕೊಂಡು ಒತ್ತಿ ಅಂದರು. ನಾನು ಗಟ್ಟಿಯಾಗಿ ಹಿಡಿದೆ. "ಹಾಗಲ್ಲಮ್ಮಾ, ನಿಂಬೆಹಣ್ಣು ಹಿಂಡಿದ ಹಾಗೆ. ಮೊದಲು ಮೆಲ್ಲಗೆ, ಭಾರ ಮುಂದೆ ಬರಲಿ, ಆಮೇಲೆ ಗಟ್ಟಿ." ಅದನ್ನೇ ನಿಂತಲ್ಲೇ ಎಷ್ಟೋ ಹೊತ್ತು ಮಾಡಿಸಿ, ಆಮೇಲೆ ಗಾಡಿ ಮೇಲೆ.

ನನ್ನದು 2017ರ 150 ಸಿಸಿ ಗಾಡಿ, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಬಿಗಿದು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ. 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಿಂದ. ನಮ್ಮಂಥ ಹಳೇ ಗಾಡಿಯವರಿಗೆ ಬೆರಳೇ ಎಬಿಎಸ್, ಅದಕ್ಕೇ ಇಷ್ಟು ಒತ್ತಿ ಹೇಳುವುದು ಅಂದರು. ಎಬಿಎಸ್ ಇದ್ದವರಿಗೆ ಬೇರೆ ಪಾಠ ಇದೆ: ಜೋರಾಗಿ ಹಿಡಿದಾಗ ಲಿವರ್ ಟಕಟಕ ಅಂತ ನಡುಗುತ್ತೆ, ಏನೋ ಕೆಟ್ಟಿತು ಅಂತ ಹೆದರಿ ಕೈ ಬಿಡಬಾರದು.

ರಸ್ತೆ ಮೇಲೆ ಸುಣ್ಣದ ಗೆರೆ ಎಳೆದು ದೂರ ಅಳೆಯುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಅಂದರೆ ಎದುರಿಗೆ ಏನೋ ಬಂತು ಅಂತ ಗೊತ್ತಾಗಿ ಕೈ ಬ್ರೇಕ್‌ಗೆ ಹೋಗುವ ಒಂದು ಸೆಕೆಂಡಲ್ಲೇ 11 ಮೀಟರ್ ಖರ್ಚು. ಆಮೇಲೆ ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಾಕಿದರೆ ಸುಮಾರು ಇನ್ನೊಂದು 10 ಮೀಟರ್. ವೇಗ 60 ಆದರೆ ಆ 10 ಮೀಟರ್ ಇದ್ದದ್ದು 23ರ ಹತ್ತಿರ ಹೋಗುತ್ತೆ. ವೇಗ ಒಂದೂವರೆ ಪಟ್ಟು, ಬ್ರೇಕ್ ಹಾಕಿದ ಮೇಲೆ ನಿಲ್ಲುವ ದೂರ ಎರಡು ಪಟ್ಟಿಗೂ ಜಾಸ್ತಿ. ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ. ನನ್ನದೇ ಗಾಡಿ ಎಲ್ಲಿ ನಿಂತಿತು ಅಂತ ಇಳಿದು ಹೋಗಿ ಗೆರೆ ನೋಡಿದಾಗ ಹೋಯಿತು. ಪ್ರತಿ ವಾರ ಗೆರೆ ಹತ್ತಿರ ಬರುತ್ತಿತ್ತು, ಅದನ್ನು ನೋಡಿದಾಗಲೆಲ್ಲ ಭುಜದ ಬಿಗಿ ಒಂದಿಷ್ಟು ಸಡಿಲವಾಗುತ್ತಿತ್ತು.

ನಿಧಾನವಾಗಿ ಓಡಿಸುವುದನ್ನೂ ಮಾಡಿಸುತ್ತಾರೆ. ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಕಾಲು, ನಡೆಯುವ ವೇಗ, ಆರ್‌ಟಿಓ ಟೆಸ್ಟಿನ ಹಾಗೆ ಎಂಟು ಹಾಕುವುದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವವರಿಗೆ ಇದು ಬೇಕೇ ಬೇಕು.

ಆದರೆ ನಾನು ಎಲ್ಲರಿಗೂ ಹೇಳುವುದು ಮರಳಿನ ಪಾಠವನ್ನು. ಒಂದು ಭಾನುವಾರ ಹೋದಾಗ ಸರ್ ಮೂಟೆ ಬಿಚ್ಚಿ ರಸ್ತೆಗೆ ಅಡ್ಡ ಎಂ ಸ್ಯಾಂಡ್ ಸುರಿದು, ಪೊರಕೆಯಲ್ಲಿ ತೆಳ್ಳಗೆ ಹರಡುತ್ತಿದ್ದರು. ನೋಡಿದ ಕೂಡಲೇ ನನ್ನ ಅಂಗೈ ಗ್ಲೌಸ್ ಒಳಗೆ ಒದ್ದೆಯಾಯಿತು. ಅವರು ಅವಸರ ಮಾಡಲಿಲ್ಲ, ಮೊದಲು ಬೂಟುಗಾಲಲ್ಲಿ ಅದರ ಮೇಲೆ ನಡೆದು ಜಾರಿಸಿ ನೋಡಿ ಅಂದರು. ನಡೆದೆ. ಆಮೇಲೆ ಅವರು ಹೇಳಿದ್ದು ಹೀಗೆ: ಟೈರ್‌ಗೆ ಇರುವ ಹಿಡಿತ ಇಷ್ಟೇ, ಅದರಲ್ಲೇ ಬ್ರೇಕಿಗೂ ಕೊಡಬೇಕು, ತಿರುವಿಗೂ ಕೊಡಬೇಕು. ಮರಳ ಮೇಲೆ ಕೊಡಲು ಏನೂ ಇರುವುದಿಲ್ಲ. ಅದಕ್ಕೇ ಬ್ರೇಕ್ ಎಲ್ಲ ಮರಳಿಗೆ ಮುಂಚೆಯೇ ಮುಗಿಸಿ, ಗಾಡಿ ನೆಟ್ಟಗೆ ಇಟ್ಟು, ಎಕ್ಸಲರೇಟರ್ ಕೂಡ ಅಲ್ಲಾಡಿಸದೆ ದಾಟಿ, ಆಚೆ ಹೋದ ಮೇಲೆ ತಿರುಗಿಸಿ. ಕಣ್ಣು ಮರಳ ಮೇಲೆ ಬೇಡ, ಎಲ್ಲಿಗೆ ಹೋಗಬೇಕೋ ಅಲ್ಲಿಡಿ, ಯಾಕಂದರೆ ನೋಡಿದ ಕಡೆಗೇ ಗಾಡಿ ಹೋಗುತ್ತೆ. ಮೊದಲ ಸಲ ಅವರು ಪಕ್ಕದಲ್ಲೇ ಓಡುತ್ತಾ ಬಂದರು, ಈ ವಯಸ್ಸಿನಲ್ಲಿ. ಮುಂದಿನ ಚಕ್ರ ಒಂದು ಕ್ಷಣ ಅಲ್ಲಾಡಿತು, ಮೊಣಕೈ ಸಡಿಲ ಬಿಟ್ಟಿದ್ದೆ, ತಾನೇ ನೆಟ್ಟಗಾಯಿತು. ಆ ಅಲ್ಲಾಟವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಜಾರಿದರೆ ಬೀಳಲೇಬೇಕು ಅಂತ ಮೈಯಲ್ಲಿ ಕೂತಿದ್ದದ್ದು ಅವತ್ತು ಸ್ವಲ್ಪ ಕದಲಿತು.

ಕೊನೆ ಹಂತ ನಿಜವಾದ ರಸ್ತೆ. ಕನಕಪುರ ರಸ್ತೆ ಮೆಟ್ರೋ ಕಂಬಗಳ ಪಕ್ಕ, ಆಮೇಲೆ ಬನಶಂಕರಿ ಕಡೆಯ ಟ್ರಾಫಿಕ್. ಸರ್ ಹಿಂದಿನಿಂದ ತಮ್ಮ ಗಾಡಿಯಲ್ಲಿ ಬರುತ್ತಾರೆ, ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾರೆ. ಮಳೆಯಲ್ಲಿ ಜೀಬ್ರಾ ಕ್ರಾಸಿಂಗ್‌ನ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರ್ ಜಾಯಿಂಟ್‌ನ ಕಬ್ಬಿಣ ಜಾರುತ್ತೆ. ಮೊದಲ ಮಳೆ ಬಿದ್ದ ಸ್ವಲ್ಪ ಹೊತ್ತು ರಸ್ತೆಯ ಎಣ್ಣೆ, ಧೂಳು ಎಲ್ಲ ಮೇಲೆ ತೇಲುತ್ತೆ, ಆಗ ಹತ್ತು ನಿಮಿಷ ಎಲ್ಲಾದರೂ ನಿಂತರೆ ಒಳ್ಳೇದು. ವೈಟ್ ಟಾಪಿಂಗ್ ಮಾಡಿದ (ಮೇಲೆ ಕಾಂಕ್ರೀಟ್ ಹಾಕಿದ) ರಸ್ತೆಯ ಅಂಚು ಎತ್ತರ ಇರುತ್ತೆ, ಅದನ್ನು ಓರೆಯಾಗಿ ಸವರಿಕೊಂಡು ಹತ್ತಬಾರದು. ಮಳೆಮರದ ಕಾಯಿ ಬಿದ್ದು ಅಂಟಂಟಾಗಿರುವ ರಸ್ತೆಗಳನ್ನೂ ಅವರು ಬಿಡಲಿಲ್ಲ. ಇದೆಲ್ಲ ಬೆಂಗಳೂರಲ್ಲಿ ಓಡಿಸಿದವರು ಮಾತ್ರ ಹೇಳಬಹುದಾದ ವಿಷಯ.

ಈಗ ಕೊರತೆ. ಗಂಟೆಗೆ 700 ರೂಪಾಯಿ, ಸುಮ್ನೆ ಕಲಿಯೋಣ ಅಂತ ಬರುವವರಿಗೆ ಜಾಸ್ತಿ ಅನ್ನಿಸಬಹುದು, ರಸೀದಿ ಕೊಡುವುದಿಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಹತ್ತಿರದಲ್ಲಿ ಎಲ್ಲೂ ಶೌಚಾಲಯ ಇಲ್ಲ, ಹೆಂಗಸರಿಗೆ ಇದು ದೊಡ್ಡ ತೊಂದರೆ, ನಾನು ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ, ಇನ್ನೂ ವ್ಯವಸ್ಥೆ ಆಗಿಲ್ಲ. ಬಿದ್ದರೆ ಪೆಟ್ಟಾಗದಿರಲಿ ಅಂತ ಹಾಕಿಕೊಳ್ಳುವ ಮೊಣಕಾಲು, ಮೊಣಕೈ ಗಾರ್ಡ್ ಅವರ ಹತ್ತಿರ ಒಂದೇ ಜೊತೆ ಇದೆ, ಅದೂ ಗಂಡಸರ ಅಳತೆ. ಟ್ರಾಫಿಕ್‌ಗೆ ಕರೆದುಕೊಂಡು ಹೋಗುವ ವಿಚಾರದಲ್ಲಿ ಅವರಿಗೆ ಸ್ವಲ್ಪ ಅವಸರ. ನಾನು ಇನ್ನೊಂದು ವಾರ ಇಲ್ಲೇ ಮಾಡುತ್ತೇನೆ ಸರ್ ಅಂದಾಗ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಮಾತು ಗಂಭೀರವಾಗಿ ಹೇಳುತ್ತಿದ್ದೇನೆ. ರಾತ್ರಿ ನಿದ್ದೆಯಲ್ಲಿ ಆಕ್ಸಿಡೆಂಟೇ ಬರುತ್ತಿದ್ದರೆ, ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿದ್ದರೆ, ಬರೀ ಬೈಕ್ ಕ್ಲಾಸ್ ಸಾಲದು. ಸರ್ ಕೂಡ ಅದನ್ನೇ ಹೇಳಿ ಕಳಿಸುತ್ತಾರೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಾನು ಫೋನ್ ಮಾಡಿದ್ದೆ, ನಿಧಾನವಾಗಿ ಕೇಳಿಸಿಕೊಂಡರು. ಅದಕ್ಕೆ ನಾಚಿಕೊಳ್ಳುವಂಥದ್ದು ಏನೂ ಇಲ್ಲ, ಅಲ್ವಾ?

ಈಗ ನಾನು ಆಫೀಸಿಗೆ ಗಾಡಿಯಲ್ಲೇ ಹೋಗಿ ಬರುತ್ತಿದ್ದೇನೆ. ರಾತ್ರಿ ಮಳೆಯಲ್ಲಿ ಇನ್ನೂ ಓಡಿಸುವುದಿಲ್ಲ, ಅದಕ್ಕೆ ಮತ್ತೆ ಕ್ಲಾಸ್ ಹೇಳಿಟ್ಟಿದ್ದೇನೆ.

ಹೋಗುವವರು ಸ್ವಂತ ಗಾಡಿಯನ್ನೇ ತನ್ನಿ, ಅವರು ಗಾಡಿ ಕೊಡುವುದಿಲ್ಲ. ಓಡಿಸಿಕೊಂಡು ಬರಲು ಆಗಲ್ಲ ಅಂದರೆ ಮನೆಯವರು ಯಾರಾದರೂ ತಂದುಕೊಡಲಿ. ಬೂಟು, ಗ್ಲೌಸ್, ಡಾಕ್ಟರ್ ಚೀಟಿ, ನೀರಿನ ಬಾಟಲಿ ಇರಲಿ. ಗುರುವಾರದ ಒಳಗೆ ಫೋನ್ ಮಾಡಿದರೆ ಆ ವಾರವೇ ಜಾಗ ಸಿಗುತ್ತೆ. ಮಳೆ ಬಂದರೂ ಕ್ಲಾಸ್ ನಿಲ್ಲಿಸುವುದಿಲ್ಲ, ರೇನ್‌ಕೋಟ್ ಮರೆಯಬೇಡಿ.